ಐವತ್ತೊಂದು ಪಾಲಿನ ಒಡೆಯ

ಬೆಳಿಗ್ಗೆ ಪದ್ಮಿನಿ ತಮ್ಮನ ತಟ್ಟೆಯ ಮೇಲೆ ಉಪ್ಪಿಟ್ಟಿನ ಸೌಟು ಹಿಡಿದು "ಇನ್ನೊಂಚೂರು ಹಾಕ್ಲೇನೋ?" ಎಂದು ಕೇಳಿದಾಗ, "ಅವನಿಗೆ ಸಾಕು" ಎಂದದ್ದು ಅವಳ ಗಂಡ ರಘುನಾಥ. ತಾನು ಹಾಗೆ ಅಂದೆ ಎಂಬುದು ಅವನಿಗೇ ಗೊತ್ತಾಗಲಿಲ್ಲ. ಎದುರಿಗೆ ಕೂತಿದ್ದ ಮಗಳು ಅಹನಾ ಮೊಬೈಲಿನಿಂದ ತಲೆ ಎತ್ತದೆ, "ಮಾಮಾನೇ ಉತ್ತರ ಹೇಳಲಿ ಬಿಡು ಪಪ್ಪಾ" ಎಂದು ಸ್ವೀಡಿಷ್‌ನಲ್ಲಿ ಹೇಳಿದಳು. ಹದಿನಾಲ್ಕು ವರ್ಷದ ಹುಡುಗಿ, ಶೂ ಹಾಕಿಕೊಂಡು ಸ್ಕೂಲಿಗೆ ಹೊರಟೇಬಿಟ್ಟಳು. ಆ ಮಾತು ಮಾತ್ರ ಮೇಜಿನ ಮೇಲೆ ಉಳಿಯಿತು. ಸುದರ್ಶನ್‌ನ ಎಡಗಿವಿ ಪೂರ್ತಿ ಸತ್ತಿತ್ತು, ಅಕ್ಕ ನಿಂತದ್ದು ಅದೇ ಕಡೆ. ಅವನು ಶ್ರವಣಯಂತ್ರ ಸಿಕ್ಕಿಸಿದ ಬಲಗಿವಿಯನ್ನು ರಘುನಾಥನ ಕಡೆ ತಿರುಗಿಸಿ, "ಏನಂದ್ಳು ಭಾವ?" ಎಂದು ನಗುತ್ತಾ ಕೇಳಿದ. "ಏನಿಲ್ಲ, ಸ್ಕೂಲ್ ವಿಷ್ಯ" ಎಂದ ರಘುನಾಥ. ಇನ್ನೂ ಎಂಟು ಗಂಟೆ ಕೂಡ ಆಗಿರಲಿಲ್ಲ, ಅಷ್ಟರಲ್ಲಿ ಒಂದು ಸುಳ್ಳು ಆಗಿತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ಇದೇ ಬಾಮೈದನ ಬಾಯಿಂದ ಅಮೆರಿಕದ ಸರ್ಕಾರಕ್ಕೆ ಹೇಳಿಸಬೇಕಾದ ಸುಳ್ಳುಗಳು ಹನ್ನೊಂದು. ಅವನ್ನೆಲ್ಲ ರಘುನಾಥನೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಫೈಲಿನಲ್ಲಿ ಇಟ್ಟಿದ್ದ.

ವಿಷಯ ಸರಳ. ಅಮೆರಿಕದ ಫೆಡರಲ್ ಸರ್ಕಾರ ತನ್ನ ಗುತ್ತಿಗೆಗಳಲ್ಲಿ ಕೆಲವನ್ನು ಸೇನೆಯಲ್ಲಿ ದುಡಿದು ಅಂಗ ಊನವಾದವರ ಸಣ್ಣ ಕಂಪನಿಗಳಿಗೆ ಮೀಸಲಿಡುತ್ತದೆ. ಸುದರ್ಶನ್ ಅಂಥ ಮಾಜಿ ಸೈನಿಕ. ವರ್ಜೀನಿಯಾದಲ್ಲಿ ಅವನ ಹೆಸರಿನಲ್ಲಿ ಒಂದು ಕಂಪನಿ. ಅದರಲ್ಲಿ ನೂರಕ್ಕೆ ಐವತ್ತೊಂದು ಪಾಲು ಅವನದು, ನಲವತ್ತೊಂಬತ್ತು ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿ ಕೂತ ರಘುನಾಥನದು. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ರಿಪೇರಿಗೆ ಹೋದ ಶ್ರವಣಯಂತ್ರ ಇವತ್ತು ಎಲ್ಲಿದೆ, ಯಾರ ಕೈಯಲ್ಲಿದೆ, ಯಾವಾಗ ವಾಪಸು ಬರುತ್ತದೆ ಎಂದು ತೋರಿಸುವ ಸಾಫ್ಟ್‌ವೇರ್ ಅವರದು. ಆದರೆ ಕಾನೂನಿಗೆ ಪಾಲು ಮುಖ್ಯವಲ್ಲ, ಕಡಿವಾಣ ಮುಖ್ಯ. ತೀರ್ಮಾನ ಯಾರದು, ಸಹಿ ಯಾರದು, ದಿನ ಬೆಳಗಾದರೆ ಕಂಪನಿ ನಡೆಸುವವರು ಯಾರು? ಗುತ್ತಿಗೆ ಕೈತಪ್ಪಿದ ಇನ್ನೊಂದು ಕಂಪನಿ ದೂರು ಕೊಟ್ಟಿತ್ತು: ಸುದರ್ಶನ್ ಹೆಸರಿಗೆ ಮಾತ್ರ, ಅವನ ಡಿಜಿಟಲ್ ಸಹಿಗಳೆಲ್ಲ ಬಿದ್ದಿರುವುದು ವರ್ಜೀನಿಯಾದ ಸಮಯ ಬೆಳಗಿನ ಜಾವ ಮೂರು ಗಂಟೆಗೆ. ವರ್ಜೀನಿಯಾದಲ್ಲಿ ಮೂರಾದರೆ ಸೋಲ್ನಾದಲ್ಲಿ ಒಂಬತ್ತು; ಪದ್ಮಿನಿ ಆಫೀಸಿಗೆ ಹೋದ ಮೇಲೆ ರಘುನಾಥ ಎರಡನೇ ಕಾಫಿ ಹಿಡಿದು ಕೂರುವ ಹೊತ್ತು. ಇಷ್ಟು ಸಣ್ಣದು ಹೊಳೆಯಲಿಲ್ಲವಲ್ಲ ಎಂದು ಮೊದಲು ಕೈ ಕೈ ಹಿಸುಕಿಕೊಂಡಿದ್ದ. ಗುರುತೂ ಸಹಿಯೂ ಆಗುವ ತನ್ನ ಬ್ಯಾಂಕ್-ಐಡಿಯನ್ನು ಹೆಂಡತಿಯ ಕೈಗೂ ಕೊಡದ ಮನುಷ್ಯ ಅವನು. ಈ ದೇಶದಲ್ಲಿ ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಎಂಥ ಮೂರ್ಖತನ ಎಂದು ಊರಿನಿಂದ ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಬಾಮೈದನ ಸಹಿಯ ಪಾಸ್‌ವರ್ಡ್ ಮಾತ್ರ ಮೂರು ವರ್ಷದಿಂದ ಅವನ ಡೈರಿಯಲ್ಲಿತ್ತು. ಕೇಳಿ ತೆಗೆದುಕೊಂಡದ್ದೂ ಅಲ್ಲ. "ಭಾವ, ನಿಮ್ಹತ್ರಾನೇ ಇರ್ಲಿ ಬಿಡಿ" ಎಂದು ಅವನೇ ಕಳಿಸಿದ್ದ. ಹಾಗಂತ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದ ರಘುನಾಥ.

ಪದ್ಮಿನಿಯೂ ಹೊರಟ ಮೇಲೆ, ಆ ದೂರಿನ ಬಗ್ಗೆ ಇಲಾಖೆ ಮೂರಕ್ಕೆ ನಡೆಸಲಿದ್ದ ವಿಡಿಯೋ ಸಂದರ್ಶನದ ತಾಲೀಮಿಗೆಂದು ಇಬ್ಬರೂ ಅಡುಗೆಮನೆಯ ಮೇಜಿಗೇ ಫೈಲು ಹರಡಿಕೊಂಡು ಕೂತರು. ಸುದರ್ಶನ್ ಬೆನ್ನು ನೆಟ್ಟಗೆ ಮಾಡಿ, ಮಂಡಿಯ ಮೇಲೆ ಕೈಯಿಟ್ಟು ಕೂರುವ ರೀತಿ ನೋಡಿದರೆ ರಘುನಾಥನಿಗೆ ಏನೋ ಕಸಿವಿಸಿ. ನಲವತ್ತೊಂದು ವರ್ಷದ ಗಂಡಸು, ಯುದ್ಧ ಕಂಡು ಬಂದವನು, ಟಿಕೆಟ್ ಕಳಿಸಿದ ಕೂಡಲೇ ಯಾಕೆ ಏನು ಎನ್ನದೆ ಅಷ್ಟು ದೂರದಿಂದ ಬಂದು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದ. ಮೂರನೇ ಪ್ರಶ್ನೆ ಸಹಿಯ ಹೊತ್ತಿನದು. ಉತ್ತರ ರಘುನಾಥ ಬರೆದದ್ದು: 'ಯುದ್ಧದಿಂದ ಬಂದ ಮೇಲೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಕಂಪನಿಯ ಕಾಗದಪತ್ರ ನೋಡುತ್ತೇನೆ.' ಇದನ್ನು ಬರೆದ ದಿನ ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡು, ಎದ್ದು ಹೋಗಿ ಒಂದು ಕಿತ್ತಳೆ ಸುಲಿದು ತಿಂದಿದ್ದ. ಸುದರ್ಶನ್ ಅದನ್ನು ಎರಡು ಸಲ ಓದಿದ. "ಭಾವ, ನಾನು ಹತ್ತಕ್ಕೆಲ್ಲ ಮಲಗಿಬಿಡ್ತೀನಲ್ಲ" ಎಂದ. "ಗೊತ್ತು ಕಣೋ. ಒಂದು ರೀಸನ್ ಕೊಡ್ಬೇಕಲ್ಲ." "ಇಲ್ಲ, ನಿದ್ದೆ ಬರ್ದೇ ಇರೋರು ಇದಾರೆ. ನಮ್ಮ ಯೂನಿಟ್‌ನಲ್ಲೇ ಇಬ್ರು. ಅದಕ್ಕೆ ಹೇಳ್ದೆ ಅಷ್ಟೆ." ಆಕ್ಷೇಪಣೆಯ ಸೊಲ್ಲೇ ಇಲ್ಲ ಆ ದನಿಯಲ್ಲಿ. ಹಾಳೆ ಮಗುಚಿ ಮುಂದಿನ ಪ್ರಶ್ನೆಗೆ ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ರಘುನಾಥನಿಗೆ. ಬೈಯುವ ಪೈಕಿಯಲ್ಲ ಅವನು. ಇಪ್ಪತ್ತಮೂರು ವರ್ಷದ ಹಿಂದೆ ಹಾಸನದ ಛತ್ರದಲ್ಲಿ, ಕಾಶಿಯಾತ್ರೆಗೆ ಹೊರಟ ಮದುಮಗನ ತಲೆಯ ಮೇಲೆ ಕೊಡೆ ಹಿಡಿದ ಹದಿನೆಂಟರ ಹುಡುಗ. ಫೋಟೋದವನು ಇನ್ನೊಂದು ತೆಗೀತೀನಿ, ಇನ್ನೊಂದು ಎನ್ನುತ್ತಿದ್ದರೆ ಬಿಸಿಲಲ್ಲಿ ತಾನು ಬೇಯುತ್ತಾ ಭಾವನಿಗೆ ನೆರಳು ಮಾಡಿ ನಿಂತಿದ್ದ. ಅವತ್ತಿನಿಂದ ಆ ಕೊಡೆ ಇಳಿಸಲು ಯಾರೂ ಅವನಿಗೆ ಹೇಳಿಲ್ಲ. ಓದಲು ಅಮೆರಿಕಕ್ಕೆ ಹೋದವನು ಅಲ್ಲಿಯ ಸೇನೆ ಸೇರಿದಾಗ "ಬುದ್ಧಿಗಿದ್ದಿ ಕೆಟ್ಟಿದ್ಯಾ ನಿನ್ ತಮ್ಮನಿಗೆ?" ಎಂದು ಪದ್ಮಿನಿಯ ಮೇಲೆ ಹಾರಾಡಿದ್ದು ಇದೇ ರಘುನಾಥ. ಆಮೇಲೆ ಒಂದು ವರ್ಷ ಅವನ ಜೊತೆ ಮಾತಿಲ್ಲ. ಅಫ್ಘಾನಿಸ್ತಾನದ ಯಾವುದೋ ರಸ್ತೆಯಲ್ಲಿ ಮುಂದಿನ ಲಾರಿ ಸಿಡಿದು ಸುದರ್ಶನ್‌ನ ಕಿವಿ ಹೋಯಿತು ಎಂದು ತಿಳಿದಾಗಲೂ ಫೋನ್ ಮಾಡಿದ್ದು ಪದ್ಮಿನಿ. ರಘುನಾಥ ಪಕ್ಕದಲ್ಲಿ ನಿಂತು, 'ಕೇಳಿದೆ ಅಂತ ಹೇಳು' ಎಂದು ಕೈಸನ್ನೆ ಮಾಡಿದ್ದ. ಮುಂದೆ ರಘುನಾಥ ದುಡಿಯುತ್ತಿದ್ದ ಟೆಲಿಕಾಂ ಕಂಪನಿ ಅವನನ್ನು ಮನೆಗೆ ಕಳಿಸಿತು. ಐವತ್ತರ ಹತ್ತಿರದವನಿಗೆ ಸ್ಟಾಕ್‌ಹೋಮಿನಲ್ಲಿ ಮತ್ತೊಂದು ಕೆಲಸ ಹುಟ್ಟಲಿಲ್ಲ. ಆಗ ಎಲ್ಲೋ ಓದುತ್ತಿದ್ದಾಗ ಆ ಮೀಸಲಾತಿಯ ನಿಯಮ ಕಣ್ಣಿಗೆ ಬಿತ್ತು, ಬಾಮೈದನ ಕಿವಿ ನೆನಪಾಯಿತು. ಆ ಕ್ಷಣದಲ್ಲಿ ತನಗೆ ಆದದ್ದು ಖುಷಿ. ಬೇರೆ ಏನೂ ಅಲ್ಲ, ಖುಷಿ.

"ಏಳನೇದು ಹೇಳು" ಎಂದ ರಘುನಾಥ. ಏಳನೇ ಪ್ರಶ್ನೆ, ಈ ಕಂಪನಿಯ ಯೋಚನೆ ಮೊದಲು ಹುಟ್ಟಿದ್ದು ಯಾರ ತಲೆಯಲ್ಲಿ? ಸುದರ್ಶನ್ ಹಾಳೆ ನೋಡದೆ ಹೇಳಲು ಹೋಗಿ ಅಲ್ಲೇ ನಿಂತ. "ಇದೊಂದೇ ನೋಡಿ ಭಾವ, ನಾಲಿಗೆ ತಿರುಗ್ತಾ ಇಲ್ಲ. ಮೊನ್ನೆ ಸಂಘದಲ್ಲಿ ನೀವು ಅಷ್ಟು ಚೆನ್ನಾಗಿ ಹೇಳಿದ್ರಲ್ಲ. ಈಗ ನಾನು ಹೋಗಿ ಅದು ನನ್ ಐಡಿಯಾ ಅನ್ನೋದು…" ಎಂದು ಕುತ್ತಿಗೆ ತುರಿಸಿಕೊಂಡ. ಕನ್ನಡ ಸಂಘದ ಯುಗಾದಿಗೆ ಭಾನುವಾರ ಇಬ್ಬರೂ ಹೋಗಿದ್ದರು. ಬಾಡಿಗೆಯ ಹಾಲಿನಲ್ಲಿ ಹೋಳಿಗೆ ಊಟ, ಮಕ್ಕಳ ಡ್ಯಾನ್ಸು, ಆಮೇಲೆ 'ನಮ್ಮವರ ಸಾಧನೆ' ಎಂದು ರಘುನಾಥನ ಭಾಷಣ. ಸೋಲ್ನಾ ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯುತ್ತಾ ನಿಂತಿದ್ದಾಗ ಹೇಗೆ ಥಟ್ಟನೆ ಈ ಯೋಚನೆ ಹೊಳೆಯಿತು, ಬರಬೇಕಾದ ಟ್ರೈನನ್ನೂ ಬಿಟ್ಟು ಬೆಂಚಿನ ಮೇಲೆ ಕೂತು ಹೇಗೆ ಟಿಕೆಟ್ ಚೀಟಿಯ ಹಿಂದೆ ಚಿತ್ರ ಬರೆದ, ಎಲ್ಲ ಹೇಳಿದ್ದ. ಮೂರು ವರ್ಷದಲ್ಲಿ ಹೇಳಿ ಹೇಳಿ ಕಥೆ ನುಣುಪಾಗಿತ್ತು. ಎರಡನೇ ಸಾಲಿನಲ್ಲಿ, ಬಲಗಿವಿ ವೇದಿಕೆಯ ಕಡೆ ಬರುವಂತೆ ಓರೆಯಾಗಿ ಕೂತು ಸುದರ್ಶನ್ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ. ಅವನ ಕಡೆ ಕೈ ತೋರಿಸಿ, "ನಮ್ಮ ಬಾಮೈದ. ಹೆಸರು ಅವನದು, ಹೆಣಗಾಟ ನನ್ನದು" ಎಂದು ರಘುನಾಥ ಜನರನ್ನು ನಗಿಸಿದ್ದ. ಸುದರ್ಶನ್ ಕೂಡ ನಕ್ಕಿದ್ದ. "ಅದೇನೂ ಆಗಲ್ಲ, ಧೈರ್ಯವಾಗಿ ಹೇಳು. ಒಂದು ಮಾತಷ್ಟೆ" ಎಂದ ರಘುನಾಥ ಈಗ. ಫಿಕಾಕ್ಕೆ, ಅಂದರೆ ಇಲ್ಲಿಯ ಕಾಫಿಯ ಹೊತ್ತಿಗೆ, ಬನ್ನು ತರುತ್ತೇನೆಂದು ನೆಪ ಮಾಡಿಕೊಂಡು ಎದ್ದ.

ಬೇಕರಿ ಇದ್ದದ್ದು ಮನೆಯ ಕೆಳಗೇ. ಕಾಲು ಮಾತ್ರ ಸ್ಟೇಷನ್ನಿನ ಕಡೆ ಹೋಯಿತು. ಏಪ್ರಿಲಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಗಾಳಿ ಮಾತ್ರ ಕೋಟಿನೊಳಗೇ ನುಗ್ಗುವಷ್ಟು ಚಳಿ. ಚಳಿಗಾಲದಲ್ಲಿ ಜಾರದಿರಲೆಂದು ಹಾಕಿದ್ದ ಜಲ್ಲಿಯನ್ನು ಪುರಸಭೆಯ ಗಾಡಿಯೊಂದು ಗುಡಿಸುತ್ತಾ ಹೋಗುತ್ತಿತ್ತು. ಪ್ಲಾಟ್‌ಫಾರಂ ಮೇಲೆ ಆ ಬೆಂಚು ಇದ್ದಲ್ಲೇ ಇತ್ತು. ಅವತ್ತು ಇಲ್ಲಿ ನಿಂತಿದ್ದದ್ದು ನಿಜ, ಟ್ರೈನು ಬಿಟ್ಟದ್ದೂ ನಿಜ. ಆದರೆ ಕಿವಿಗೆ ಫೋನ್ ಹಿಡಿದಿದ್ದ, ಫೋನಿನ ಆ ತುದಿಯಲ್ಲಿ ಸುದರ್ಶನ್ ಇದ್ದ. ನಿಯಮದ ವಿಷಯ ಹೇಳಿ, ಹೆಸರು ಕೊಡ್ತೀಯಾ, ಏನು ಮಾಡೋದು ಅಂತ ಆಮೇಲೆ ನೋಡೋಣ ಎಂದು ಕೇಳಲು ರಘುನಾಥನೇ ಮಾಡಿದ ಫೋನು. ಫೋನಿನ ದನಿ ಪೂರ್ತಿ ಏರಿಸಿಕೊಂಡಿದ್ದ ಸುದರ್ಶನ್ ಹೂಂ ಅಂದು, ಬೇರೆ ಏನೋ ಹೇಳಲು ಶುರು ಮಾಡಿದ್ದ. ಅವನ ಯಂತ್ರ ರಿಪೇರಿಗೆ ಹೋಗಿ ನಾಲ್ಕು ತಿಂಗಳಾಗಿತ್ತಂತೆ. ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ ಅನ್ನುತ್ತಾರಂತೆ. "ನಾಲ್ಕ್ ತಿಂಗ್ಳಿಂದ ಕಿವುಡನ ಥರ ಇದೀನಿ ಭಾವ. ಕೊರಿಯರ್ ಎಲ್ಲಿದೆ ಅಂತ ಫೋನಲ್ಲಿ ಕಾಣ್ಸುತ್ತಲ್ಲ, ಹಂಗೆ ನಮ್ ಮಷೀನ್ ಎಲ್ಲಿದೆ ಅಂತ ಕಾಣ್ಸೋ ಥರ ಮಾಡಿದ್ರೆ ಎಷ್ಟ್ ಜನಕ್ಕೆ ಉಪಕಾರ ಆಗತ್ತೆ. ಆಸ್ಪತ್ರೆನೋರು ದುಡ್ ಕೊಟ್ಟು ತಗೋತಾರೆ" ಎಂದಿದ್ದ, ಅಕ್ಷರಶಃ ಹಾಗೇ. ರಘುನಾಥ ಚೀಟಿಯ ಹಿಂದೆ ಬರೆದುಕೊಂಡದ್ದು ಅವನ ಮಾತನ್ನು. ಮರೆತಿದ್ದೆ ಎಂದರೆ ಅದು ಇನ್ನೊಂದು ಸುಳ್ಳು. ಮೊದಲ ಸಲ ಯಾರಿಗೋ ಹೇಳುವಾಗ 'ನಾವು ಮಾತಾಡ್ತಾ ಇದ್ದಾಗ' ಎಂದಿದ್ದ. ಮುಂದಿನ ಸಲ 'ನನಗೆ ಅನ್ನಿಸ್ತು' ಆಯಿತು. ಆಮೇಲೆ ಫೋನೇ ಕಥೆಯಿಂದ ಬಿದ್ದುಹೋಯಿತು. ಭಾವನ ಬಾಯಿಂದ ಅದನ್ನು ಕೇಳುತ್ತಾ ಕೇಳುತ್ತಾ, ಮೊದಲು ಹೇಳಿದ ಸುದರ್ಶನ್‌ಗೇ ತಾನು ಹೇಳಿದ್ದು ಮರೆತುಹೋಗಿದೆ. ಫೈಲಿನ ಹನ್ನೊಂದು ಉತ್ತರಗಳಲ್ಲಿ ಏಳನೆಯದು ಸುಳ್ಳೇ ಅಲ್ಲ. ಅದೊಂದನ್ನೇ ಸುಳ್ಳು ಎಂದುಕೊಂಡು ಆ ಹುಡುಗ ತಿಣುಕುತ್ತಿದ್ದಾನೆ. ಈಗಲೇ ಹೋಗಿ ಹೇಳಿಬಿಡಬಹುದು. ಹೇಳಿದರೆ ಭಾನುವಾರದ ಚಪ್ಪಾಳೆಯನ್ನು ಎಲ್ಲಿ ಇಡುವುದು? ಸ್ಟೇಷನ್ನಿನ ಅಂಗಡಿಯಲ್ಲಿ ಎರಡು ಏಲಕ್ಕಿ ಬನ್ನು ಕೊಂಡು ಮನೆಗೆ ಬಂದ. ಸುದರ್ಶನ್ ಬನ್ನು ಮುರಿದು, "ಅಮ್ಮ ಮಾಡೋ ಸಜ್ಜಪ್ಪದ ವಾಸನೆ ಭಾವ" ಎಂದು ಕಣ್ಣು ಮುಚ್ಚಿ ತಿಂದ. ರಘುನಾಥ ಹೂಂ ಎಂದು ತನ್ನ ಬನ್ನನ್ನೂ ಅವನ ಕಡೆ ದೂಡಿದ.

ಸಂದರ್ಶನದ ಹೊತ್ತಿನಲ್ಲಿ ಮಾಲೀಕ ಒಬ್ಬನೇ ಇರತಕ್ಕದ್ದು, ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂದು ಇಲಾಖೆಯ ಪತ್ರದಲ್ಲಿ ಸ್ಪಷ್ಟವಾಗಿತ್ತು. ಅದಕ್ಕೆಂದೇ ರಘುನಾಥ ನಾಲ್ಕು ಗಂಟೆಯವರೆಗೆ ಕಟ್ಟಡದವರೆಲ್ಲ ಸರದಿಯಲ್ಲಿ ಬಳಸುವ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯನ್ನು ತನ್ನ ಹೆಸರಿಗೆ ಬುಕ್ ಮಾಡಿದ್ದ. ಮೂರಕ್ಕೆ ಐದು ನಿಮಿಷವಿದ್ದಾಗ ಬಾಮೈದನನ್ನು ಅಹನಾಳ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಕಾಲರ್ ಸರಿಮಾಡಿ, ಬಟ್ಟೆಯ ಬುಟ್ಟಿ ಎತ್ತಿಕೊಂಡು ಕೆಳಗಿಳಿದ. ಎರಡು ಮಷೀನಿಗೆ ಬಟ್ಟೆ ತುಂಬಿ ಗುಂಡಿ ಒತ್ತಿದ. ಗಾಜಿನ ಹಿಂದೆ ಸುದರ್ಶನ್ ಮಲಗಿದ್ದ ಹಾಸಿಗೆಯ ಹೊದಿಕೆ ತಿರುಗಲು ಶುರುವಾಯಿತು. ಅಲ್ಲೇ ಕೂರಬೇಕಿತ್ತು. ಹತ್ತು ನಿಮಿಷ ಕೂತ. ಹನ್ನೊಂದನೆಯ ನಿಮಿಷ ಮೆಟ್ಟಿಲು ಹತ್ತುತ್ತಿದ್ದ. ಬಾಗಿಲನ್ನು ಸದ್ದಿಲ್ಲದೆ ತೆರೆದು, ಶೂ ಬಿಚ್ಚಿ, ಕಾಲುಚೀಲದಲ್ಲಿ ತನ್ನ ಮನೆಗೇ ಕಳ್ಳನಂತೆ ಹೊಕ್ಕು, ಗೂಟಕ್ಕೆ ನೇತುಹಾಕಿದ ಜಾಕೆಟ್ಟುಗಳ ನಡುವೆ ನಿಂತ. ಅಹನಾಳ ಕೋಣೆಯ ಬಾಗಿಲು ಅರೆ ತೆರೆದಿತ್ತು. ಬೆನ್ನ ಹಿಂದೆ ಮುಚ್ಚಿದ ಬಾಗಿಲಿದ್ದರೆ ಸುದರ್ಶನ್‌ಗೆ ಆಗುವುದಿಲ್ಲ. ಲ್ಯಾಪ್‌ಟಾಪಿನ ದನಿ ಅವನ ಯಂತ್ರಕ್ಕೇ ನೇರ ಹೋಗುತ್ತಿದ್ದುದರಿಂದ ಅಧಿಕಾರಿಣಿ ಏನು ಕೇಳುತ್ತಿದ್ದಾಳೆಂದು ರಘುನಾಥನಿಗೆ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಅವನ ಇಂಗ್ಲಿಷ್ ಉತ್ತರಗಳು ಮಾತ್ರ. "ಹೌದು ಮೇಡಂ, ಸಂಬಳ ತೀರ್ಮಾನಿಸುವುದು ನಾನೇ" ಎಂದ, ಹಾಳೆಯಲ್ಲಿ ಇದ್ದಂತೆ. ನಿದ್ದೆಯ ಮಾತನ್ನೂ ಹೇಳಿದ. ಹೇಳುವಾಗ ದನಿ ಸಣ್ಣದಾಯಿತು. ಆಮೇಲೆ ಕುರ್ಚಿ ಕಿರುಗುಟ್ಟಿತು. "ಮೇಡಂ, ಮೊದಲೇ ಪ್ರಮಾಣ ಮಾಡಿದ್ದೇನೆ. ಒಂದು ಸಲ ಸಮವಸ್ತ್ರ ಹಾಕಿಕೊಂಡೂ ಮಾಡಿದ್ದೆ. ನಿದ್ದೆಯ ಮಾತು ನಿಜವಲ್ಲ. ಆ ಸಹಿಗಳು ನನ್ನವಲ್ಲ. ಈ ಯೋಚನೆಯೂ ನನ್ನದಲ್ಲ, ನನ್ನ ಭಾವನದು. ಅವರು ಬುದ್ಧಿವಂತರು. ನಾನು ಹೆಸರಿಗೆ ಮಾತ್ರ" ಎಂದ.

ಮೊದಲು ಬಂದದ್ದು ಸಿಟ್ಟು, ನಾಚಿಕೆಗೇಡಿನ ಸಿಟ್ಟು: ಕೆಡಿಸಿಬಿಟ್ಟನಲ್ಲ! ಅದರ ಹಿಂದೆಯೇ 'ಅವರು ಬುದ್ಧಿವಂತರು' ಎಂಬ ಮಾತು ಬಂದು ತಾಗಿತು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಕಂಪನಿ ಹೋದರೆ ನಾಳೆಯಿಂದ ಒಂಬತ್ತು ಗಂಟೆಗೆ ಕಾಫಿ ಹಿಡಿದು ಎಲ್ಲಿ ಕೂರುವುದು, ಯಾರು ಎಂದು ಹೇಳಿಕೊಳ್ಳುವುದು ಎಂಬ ಹೆದರಿಕೆ ಎದೆಯಲ್ಲೇ ಇತ್ತು. ಆದರೂ ಅವನನ್ನು ನೂಕಿದ್ದು ಅದಲ್ಲ. ಆ ಕೋಣೆಯಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ತನ್ನ ಸ್ವಂತದ್ದನ್ನು, ಇದು ಕದ್ದ ಮಾಲು, ದಯವಿಟ್ಟು ಯಜಮಾನರಿಗೆ ಕೊಡಿ ಎಂದು ಒಪ್ಪಿಸುತ್ತಿದ್ದ. ಕದ್ದವನು ಜಾಕೆಟ್ಟುಗಳ ನಡುವೆ ನಿಂತಿದ್ದ. ರಘುನಾಥ ಬಾಗಿಲು ತಳ್ಳಿ ಒಳಗೆ ಹೋದ. "ಇಲ್ಲ, ಅದು ಅವನದೇ ಯೋಚನೆ. ಫೋನಿನಲ್ಲಿ ಹೇಳಿದ್ದ, ನಾನು ಬರೆದುಕೊಂಡೆ ಅಷ್ಟೇ" ಎಂದು ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಳಿದ. ಪರದೆಯ ಮೇಲಿನ ಹೆಂಗಸು, ನೆರೆತ ಕೂದಲಿನ, ಕನ್ನಡಕದ ಒಬ್ಬ ಸಾಧಾರಣ ಹೆಂಗಸು, ಮುಖ ಮುಂದೆ ತಂದು ಏನೋ ಕೇಳಿದಳು. ಅವಳ ತುಟಿ ಆಡಿದ್ದು ಮಾತ್ರ ಇವನಿಗೆ ಕಂಡಿತು. ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ತನ್ನನ್ನೂ ಕಂಡ: ಬಾಮೈದನ ಭುಜದ ಮೇಲೆ ಒಂದು ಬಾಯಿ, ಉತ್ತರ ಹೇಳುತ್ತಿರುವ ಬಾಯಿ. ದೂರಿನ ಇಪ್ಪತ್ತು ಪುಟಗಳಲ್ಲಿ ಸಾಬೀತು ಮಾಡಲಾಗದೆ ಉಳಿದದ್ದನ್ನು ತಾನೇ ಬಂದು ಮಾಡಿ ತೋರಿಸಿದಂತಾಯಿತು. ಯಂತ್ರ ಲ್ಯಾಪ್‌ಟಾಪಿಗೇ ಕೂಡಿದ್ದರಿಂದ ಅವನ ಮಾತು ಸುದರ್ಶನ್‌ಗೆ ಕೇಳಿಸಿರಲಿಲ್ಲ. ಅವನು ಪರದೆಯ ಚೌಕದಲ್ಲಿ ಭಾವನನ್ನು ನೋಡಿ ತಿರುಗಿದ. ಸಿಟ್ಟಿಲ್ಲ, ಗಾಬರಿಯೂ ಇಲ್ಲ. "ಭಾವ, ನೀವು ಹೊರಗಿರಿ. ನಾನು ಮಾತಾಡ್ತಿದೀನಿ" ಎಂದ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ. ರಘುನಾಥ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಬಂದ. ಬಾಗಿಲನ್ನು ಪೂರ್ತಿ ಮುಚ್ಚಲು ಹೋಗಿ, ನೆನಪಾಗಿ, ಮೊದಲಿದ್ದಷ್ಟೇ ತೆರೆದು ಬಿಟ್ಟ.

ಕೆಳಗೆ ಮಷೀನು ನಿಂತು, ಡ್ರೈಯರಿನಿಂದ ಹೊದಿಕೆ ಹೊರಬಂದು, ಉಳಿದ ಬಟ್ಟೆ ಇನ್ನೂ ಅದರಲ್ಲಿ ತಿರುಗುತ್ತಿದ್ದಾಗ ಸುದರ್ಶನ್ ಇಳಿದು ಬಂದ. ನಾಲ್ಕಕ್ಕೆ ಮೂರು ನಿಮಿಷವಿತ್ತು. ಎರಡನೇ ಮಹಡಿಯ ಬಿರ್ಗಿತ್ತಾ ಎಂಬ ಮುದುಕಿ ತನ್ನ ಬುಟ್ಟಿಯೊಂದಿಗೆ ಬಾಗಿಲಲ್ಲಿ ನಿಂತು ಗೋಡೆಯ ಗಡಿಯಾರವನ್ನೂ ಇವರನ್ನೂ ನೋಡುತ್ತಿದ್ದಳು. ಬುಕ್ ಮಾಡಿದ ಹೊತ್ತು ಮೀರಿದರೆ ಈ ಕಟ್ಟಡದಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. "ಮುಗೀತು ಭಾವ" ಎಂದ ಸುದರ್ಶನ್. "ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಮೀಸಲಾತಿ ಸರ್ಟಿಫಿಕೇಟ್ ಉಳಿಯಲ್ಲ ಅನ್ಸತ್ತೆ. ತೀರ್ಮಾನ ಬರವಣಿಗೆಯಲ್ಲಿ ಕಳಿಸ್ತಾರಂತೆ." ಹೊದಿಕೆಯ ಒಂದು ತುದಿಯನ್ನು ತಾನೇ ಎತ್ತಿಕೊಂಡ, ಇನ್ನೊಂದು ರಘುನಾಥನ ಕೈಗೆ ಬಂತು. ಇಬ್ಬರೂ ಎಳೆದು ಮಡಿಸತೊಡಗಿದರು. "ಕೊನೇಲಿ ಅವ್ರು ಒಂದು ಕೇಳಿದ್ರು. ಈಗ ಬಂದು ಹೋದೋರು, ಐಡಿಯಾ ನಿಂದೇ ಅಂತಾರಲ್ಲ, ನಿಜಾನಾ ಅಂತ. ನಂಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದೆ." ಮಡಿಕೆ ಸೇರಿಸಲು ಹತ್ತಿರ ಬಂದವನು ಅಲ್ಲೇ ನಿಂತ. "ನಾನಾ ಭಾವ? ನಾನಾ ಹೇಳಿದ್ದು?" ಆ ಮುಖದಲ್ಲಿ ಬೈಗುಳವಿದ್ದರೆ ರಘುನಾಥ ತಡೆದುಕೊಳ್ಳುತ್ತಿದ್ದ. ಇದ್ದದ್ದು ಕಳೆದುಹೋದದ್ದು ಸಿಕ್ಕೀತೇನೋ ಎಂಬ ಆಸೆ. "ಹೂಂ, ನೀನೇ" ಎಂದ ರಘುನಾಥ, ಹೊದಿಕೆಯನ್ನು ನೋಡುತ್ತಾ, ಮೆಲ್ಲಗೆ. ಸುದರ್ಶನ್ ಕಾಯುತ್ತಲೇ ಇದ್ದ. ಆಗ ತಿಳಿಯಿತು, ತಾನು ನಿಂತದ್ದು ಅವನ ಕೇಳದ ಎಡಗಿವಿಯ ಕಡೆ. ಯಾವ ಕಡೆ ನಿಲ್ಲಬೇಕೆಂದು ಗೊತ್ತಿದ್ದ ಮನುಷ್ಯ ಅಲ್ಲೇ ಬಂದು ನಿಂತಿದ್ದ. ಹೊದಿಕೆಯನ್ನು ಬುಟ್ಟಿಗೆ ಹಾಕಿ, ಡ್ರೈಯರ್ ಬಳಸಿಕೊಂಡು, ಸುತ್ತಿ ಬಂದು, ಅವನ ಬಲಗಿವಿಯ ಹತ್ತಿರ ನಿಂತ. "ನೀನೇ ಹೇಳಿದ್ದು. ನನ್ನದು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಗೊತ್ತಿದ್ದೂ ಹೇಳ್ಕೊಂಡು ಬಂದೆ." ಡ್ರೈಯರಿನ ಸದ್ದು ಜೋರಾಗಿತ್ತು. ಸುದರ್ಶನ್ ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ, ತಲೆ ಬಗ್ಗಿಸಿ, "ಇನ್ನೊಂದ್ಸಲ ಹೇಳಿ ಭಾವ" ಎಂದ. ಕೇಳಿಸಿರಲಿಲ್ಲವೋ, ಕೇಳಿಸಿಯೂ ಕೇಳಿದನೋ. ರಘುನಾಥ ಮತ್ತೆ ಹೇಳಿದ, ಬಿರ್ಗಿತ್ತಾ ಬೆಚ್ಚಿ ಬುಟ್ಟಿಯನ್ನು ಎದೆಗೆ ಒತ್ತಿಕೊಳ್ಳುವಷ್ಟು ಗಟ್ಟಿಯಾಗಿ.